ಜೂಲಿಯಾನ ಬಾಯಿ ಮತ್ತು ಬೀಳದ ಗೇರು

ನನಗೆ ಕೆಸರೆಂದರೆ ಆಗದು. ಹಾನುಬಾಳಿನಂಥ ಊರಿನಲ್ಲಿ ಹದಿನೆಂಟು ವರ್ಷದಿಂದ ಮೇಷ್ಟ್ರಾಗಿರುವವನು ಇಂಥ ಮಾತು ಆಡಬಾರದು, ಆದರೂ ನಿಜ ಹೇಳಿಬಿಡುತ್ತೇನೆ. ತರಗತಿಗೆ ಕೆಸರುಗಾಲಲ್ಲಿ ಬಂದ ಮಕ್ಕಳನ್ನು ಹೊರಗಿನ ನಲ್ಲಿಗೆ ಅಟ್ಟಿ, ಅವರು ತೊಳೆದುಕೊಂಡು ಬರುವಷ್ಟರಲ್ಲಿ ಪಾಠ ಮುಗಿದುಹೋದದ್ದೂ ಉಂಟು. ಇಂಥವನು ಒಂದು ಹಳೇ ಜೀಪು ಕೊಂಡರೆ ಏನಾಗುತ್ತದೆಂದು ನನ್ನ ಹೆಂಡತಿ ಶಾರದೆ ಮೊದಲ ದಿನವೇ ಹೇಳಿದ್ದಳು. ನಾವು ಜೀಪಿನಲ್ಲಿ ಓಡಾಡುವುದಿಲ್ಲವಂತೆ, ಜೀಪು ಒರೆಸಿಕೊಂಡು ಮನೆಯಲ್ಲೇ ಇರುತ್ತೇವಂತೆ.

ಅವಳ ಮಾತು ಪೂರ್ತಿ ಸುಳ್ಳಾಗಲಿಲ್ಲ. ಮೇ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನವೇ ಪಕ್ಕದ ಎಸ್ಟೇಟಿನ ಸ್ಟೋರಿನಿಂದ ಕಾಫಿ ತುಂಬುವ ಗೋಣಿಚೀಲವೊಂದನ್ನು ಕೇಳಿ ತಂದು, ನಾಲ್ಕು ಮಡಿಕೆ ಮಾಡಿ, ಡ್ರೈವರ್ ಸೀಟಿನ ಮುಂದೆ ಕಾಲಡಿಗೆ ಹಾಸಿದೆ. ನಮ್ಮ ಕಡೆ ಹೊಸಿಲಿಗೂ ಗೋಣಿ, ನಾಯಿಗೂ ಗೋಣಿ, ಮಳೆ ಬಂದರೆ ತಲೆ ಮೇಲೂ ಗೋಣಿ. ಜೀಪಿಗೆ ಹಾಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ವಾರ ಜೀಪು ಗೇರಿನ ವಿಷಯದಲ್ಲಿ ಹಟ ಹಿಡಿಯಿತು. ಒಂದರಿಂದ ಎರಡಕ್ಕೆ ಹೋಗು ಎಂದರೆ ಗೊಣಗುತ್ತಿತ್ತು, ಎರಡರಿಂದ ಒಂದಕ್ಕೆ ಬಾ ಎಂದರೆ ಕರ್ರೆಂದು ಹಲ್ಲು ಕಡಿಯುತ್ತಿತ್ತು. ಸಕಲೇಶಪುರದ ಮೆಕ್ಯಾನಿಕ್ ಸಿದ್ದಣ್ಣನಿಗೆ ಫೋನಿನಲ್ಲೇ ಆ ಸದ್ದು ಕೇಳಿಸಿದೆ. ಅವನು ದೊಡ್ಡ ಡಾಕ್ಟರ ಗತ್ತಿನಲ್ಲಿ, "ಗೇರ್ ಬಾಕ್ಸ್ ಹೋಗ್ಬುಟ್ಟೈತೆ ಸಾ. ಇಳಿಸ್ಬೇಕು, ಒಂದ್ ವಾರ ಬುಡಿ," ಎಂದ. ಮುಂದಿನ ವಾರ ಜೀಪನ್ನು ಅವನಲ್ಲಿ ಬಿಟ್ಟರಾಯಿತು ಎಂದುಕೊಂಡೆ.

ನಮ್ಮ ಎದುರುಮನೆಯ ಜೂಲಿಯಾನ ಬಾಯಿ ಹೊಲಿಗೆಯವರು. ಅಜ್ಜನ ಕಾಲಕ್ಕೆ ಮಂಗಳೂರಿನಿಂದ ಎಸ್ಟೇಟ್ ಕೆಲಸಕ್ಕೆ ಬಂದು ಇಲ್ಲಿಯವರೇ ಆದ ಕುಟುಂಬ. ನಾವು ಈ ಊರಿಗೆ ಬಂದ ಹೊಸದರಲ್ಲಿ ಶಾರದೆ ಟೈಫಾಯ್ಡ್ ಆಗಿ ಮಲಗಿದಾಗ ಹದಿನೈದು ದಿನ ಎರಡು ಹೊತ್ತೂ ಗಂಜಿ ಮಾಡಿ ತಂದುಕೊಟ್ಟವರು ಇವರು. ಆಗ ನನಗೆ ಅನ್ನ ಮಾಡಲು ಬರುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಆ ಗಂಜಿಯನ್ನು ನಾನು ಮರೆತಿಲ್ಲ.

ಅವರ ತೀರಿಕೊಂಡ ತಂಗಿಯ ಮಗಳಿಗೆ ಮಂಗಳೂರಿನಲ್ಲಿ ಮದುವೆ ಗೊತ್ತಾಗಿತ್ತು. ಮದುವೆಯ ಹಿಂದಿನ ಸಂಜೆ ಹುಡುಗಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ರೋಸ್ ಎಂಬ ಶಾಸ್ತ್ರ ಅವರಲ್ಲಿದೆ. ತಾಯಿಯ ಜಾಗದಲ್ಲಿ ನಿಂತು ಹಾಲು ಹಚ್ಚಬೇಕಾದವರು ಜೂಲಿಯಾನ ಬಾಯಿ. ಮದುವೆಯ ಬಿಳಿ ಗೌನು ಹೊಲಿದವರೂ ಅವರೇ. ಘಾಟಿಯಲ್ಲಿ ಬಸ್ಸು ಹತ್ತಿದರೆ ಅವರಿಗೆ ವಾಂತಿ, ತೊಡೆಯ ಮೇಲೆ ನೋಡಿದರೆ ಬಿಳಿ ಗೌನು. ಹಾಗಾಗಿ ಸಕಲೇಶಪುರದಿಂದ ಹಗಲು ರೈಲಿಗೇ ಹೋಗಬೇಕು. ಅದು ತಪ್ಪಿದರೆ ರೋಸ್ ಕೂಡ ತಪ್ಪಿದಂತೆ. ಆ ದಿನ ಸಕಲೇಶಪುರಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಬ್ಯಾಗು ಹಿಡಿದು ಹೊರಟಿದ್ದವರನ್ನು ತಡೆದು, ನಾನಿರುವಾಗ ಬಸ್ಸೇಕೆ ಎಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಶಾರದೆ ಕಣ್ಣಲ್ಲೇ ಬೇಡ ಎಂದಳು. ನಾನು ಆ ಕಡೆ ನೋಡಲಿಲ್ಲ.

ಊರು ಬಿಟ್ಟು ನಾಲ್ಕು ಮೈಲಿ ಹೋಗುವಷ್ಟರಲ್ಲಿ ಒಂದು ಏರು ತಿರುವಿನಲ್ಲಿ ಜೀಪು ಏದುಸಿರು ಬಿಟ್ಟು ನಿಂತಿತು. ಮೊದಲ ಗೇರು ಬೇಕು, ಬೀಳುತ್ತಿಲ್ಲ. ಕ್ಲಚ್ಚು ತುಳಿದೆ, ಗೇರಿನ ಹಿಡಿಯನ್ನು ಎಳೆದೆ, ನೂಕಿದೆ, ಬೇಡಿಕೊಂಡೆ, ಮೇಷ್ಟ್ರು ಬಳಸಬಾರದ ಒಂದು ಮಾತನ್ನೂ ಬಳಸಿದೆ. ಕರ್ರ್ ಎನ್ನುವುದೇ ಉತ್ತರ. ಸಿದ್ದಣ್ಣನ ಫೋನು ಹತ್ತಲಿಲ್ಲ. ಬಂದ ಎರಡು ಜೀಪುಗಳೂ ಹಾನುಬಾಳಿನ ಕಡೆಗೇ ಹೋದವು. ಜೂಲಿಯಾನ ಬಾಯಿ ಹೋಗಬೇಕಿದ್ದ ಬಸ್ಸು ನನ್ನ ಮಾತಿನಿಂದಾಗಿ ಆಗಲೇ ಮುಂದೆ ಹೋಗಿಯಾಗಿತ್ತು. ಬಾಯಿ ಜಪಮಾಲೆ ಹಿಡಿದು ಕೆಳಗಿಳಿದರು. ನಾಲ್ಕು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಗೌನು ತಲುಪಿದ್ರೆ ಸಾಕು ಮೇಷ್ಟ್ರೇ, ನಾನು ಹೋಗ್ದಿದ್ರೂ ಅಡ್ಡಿಲ್ಲ," ಎಂದರು. ನನಗೆ ಅಳು ಬರುವುದೊಂದು ಬಾಕಿ.

ಆಮೇಲೆ ಅವರು ಮೋರಿಯ ಕಟ್ಟೆ ಮುಟ್ಟಿ ನೋಡಿ, ಒದ್ದೆ ಐತೆ, ಆ ಗೋಣಿ ಕೊಡಿ, ಕೂರ್ತೀನಿ ಎಂದರು. ಇಂಥ ಹೊತ್ತಿನಲ್ಲೂ ನನ್ನ ಗೋಣಿ ಕೆಸರಾಗುತ್ತದಲ್ಲ ಎಂದು ಮನಸ್ಸು ಚುರ್ರೆಂದಿತು. ಎಳೆದುಕೊಟ್ಟೆ. ಅವರು ಕೂತು ಜಪ ಶುರುಮಾಡಿದರು. ನಾನು ಸುಮ್ಮನೆ ನಿಲ್ಲಲಾರದೆ ಹತ್ತಿ ಕ್ಲಚ್ಚು ತುಳಿದೆ. ಅದು ಇಷ್ಟು ದಿನ ಹೋಗದಿದ್ದಷ್ಟು ಕೆಳಕ್ಕೆ ಹೋಯಿತು. ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬಿತ್ತು.

ಕ್ಲಚ್ಚಿನ ಅಡಿಗೆ ನಾಲ್ಕು ಮಡಿಕೆ ಗೋಣಿ ತುರುಕಿ, ಜೀಪನ್ನೂ ಅದನ್ನು ಮಾರಿದವನನ್ನೂ ಸಿದ್ದಣ್ಣನನ್ನೂ ವಾರವಿಡೀ ಬೈದ ಮಹಾಶಯ ನಾನೇ ಎಂದು ಆ ಕ್ಷಣದಲ್ಲಿ ಅರ್ಥವಾಯಿತು. ಆದರೆ ಅದನ್ನು ಒಪ್ಪಿಕೊಳ್ಳಲಿಲ್ಲ. ಅವರು ಎದ್ದು ಕೊಟ್ಟ ಗೋಣಿಯನ್ನು ಮೆಲ್ಲಗೆ ಜೀಪಿನ ಹಿಂದಕ್ಕೆಸೆದು, ಗೇರು ಹಾಕುವುದಕ್ಕೆ ಒಂದು ವರಸೆ ಇದೆ, ಅದು ಎಲ್ಲರಿಗೂ ಒಲಿಯುವುದಿಲ್ಲ ಎಂದೆ. ಬಾಯಿ ಜಪಮಾಲೆಯನ್ನು ಹಣೆಗೆ ಒತ್ತಿಕೊಂಡು, ನೀವಿದ್ದದ್ದು ಒಳ್ಳೇದಾಯ್ತು ಎಂದರು. ರೈಲು ಸಿಕ್ಕಿತು. ಮುಂದಿನ ವಾರವೆಲ್ಲ ನಮ್ಮ ಬೀದಿಯಲ್ಲಿ ಆ ವರಸೆಯದೇ ವರ್ಣನೆ. ಹೇಳುತ್ತ ಹೇಳುತ್ತ ಏರು ಕಡಿದಾಗುತ್ತ ಹೋಯಿತು.

ಮದುವೆ ಮುಗಿಸಿ ಬಂದ ಬಾಯಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಹುಡುಗಿಯ ತಲೆಯ ಮೇಲೆ ಇವರ ಕೈ, ಇಬ್ಬರ ಮುಖದಲ್ಲೂ ತೆಂಗಿನಹಾಲು, ಇಬ್ಬರ ಕಣ್ಣಲ್ಲೂ ನೀರು. ಎರಡು ದಿನ ಬಿಟ್ಟು ಒಂದು ಕಾಲೊರಸು ತಂದುಕೊಟ್ಟರು. ಹಳೇ ಜೀನ್ಸ್ ಪ್ಯಾಂಟುಗಳನ್ನು ಜೋಡಿಸಿ ಹೊಲಿದದ್ದು. ನಿಮಗೆ ಕೆಸರು ಆಗೋಲ್ಲ ಅಲ್ವಾ, ಜೀಪಿಗೆ ಹಾಸಿ ಎಂದರು. ಬಿಡಿಸಿ ನೋಡಿದರೆ ಎಡಗಡೆ ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅಂಚಿಗೆ ನೀಲಿ ಪಟ್ಟಿ ಕೊಟ್ಟಿದ್ದರು. ಸರಿಯಾಗಿ ಕ್ಲಚ್ಚಿನ ಜಾಗ.

ಅವರಿಗೆ ಅಂದೇ ಗೊತ್ತಾಗಿತ್ತು. ಗೊತ್ತಿದ್ದೂ ಯಾರಿಗೂ ಹೇಳದೆ, ನನ್ನ ಮುಖ ಉಳಿಸಿ, ಮೇಲಾಗಿ ಇದನ್ನೂ ಹೊಲಿದುಕೊಟ್ಟಿದ್ದರು. ಗಂಜಿ ಕೊಟ್ಟ ಕೈ ಅದೇ ಅಲ್ಲವೇ. ಜೀವನದಲ್ಲಿ ಇಂಥ ಎದುರುಮನೆ ಸಿಗುವುದು ಪುಣ್ಯ ಎಂದು ಮನಸಾರೆ ಅಂದುಕೊಂಡೆ. ಅಳತೆ ಯಾವಾಗ ತಗೊಂಡಿರಿ ಎಂದು ಕೇಳಿದೆ.

"ಮೊನ್ನೆ ನೀವು ಮಧ್ಯಾಹ್ನ ಮಲಗಿದ್ರಲ್ಲ ಮೇಷ್ಟ್ರೇ, ಆಗ," ಎಂದರು ಬಾಯಿ. "ಟೇಪಿನ ಆ ತುದಿ ಹಿಡ್ಕೊಂಡಿದ್ದು ಶಾರದಮ್ಮನೇ."

ವಾರವೆಲ್ಲ ನನ್ನ ವರಸೆಯ ಕಥೆ ಕೇಳಲು ಬಂದವರಿಗೆ ಕಾಫಿ ಮಾಡಿಕೊಟ್ಟು, ಪಕ್ಕದಲ್ಲೇ ನಿಂತು ತಲೆದೂಗಿದವಳೂ ಶಾರದಮ್ಮನೇ.