ಹಂದಿ ಬೇಟೆಗೊಂದು ಹಗುರ ಚೀಲ

ಚೀಲದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಎಷ್ಟೋ ಸಂಸಾರಗಳು ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ, ಚಾಕೊಲೇಟು, ಶಾಂಪೂ, ಬನಿಯನ್ನುಗಳ ಸಾರ್ವಜನಿಕ ಪ್ರದರ್ಶನ ಏರ್ಪಡಿಸಿಕೊಂಡು ಕಿತ್ತಾಡುವುದನ್ನು ನೀವು ನೋಡಿರಬಹುದು. ನಮ್ಮ ಮನೆಯಲ್ಲಿ ಅದು ಎಂದೂ ಆಗಿಲ್ಲ. ತೂಕ ನೋಡಿ ತುಂಬುವ ಖಾತೆ ನನ್ನದು. ಕೌಂಟರಿನ ಹೆಣ್ಣುಮಗಳೊಬ್ಬಳು ಒಮ್ಮೆ ನನ್ನ ಪೆಟ್ಟಿಗೆ ತೂಗಿ "ಪರ್ಫೆಕ್ಟ್!" ಎಂದಿದ್ದಳು. ಆ ಮಾತಿಗೆ ಮನಸ್ಸಿನಲ್ಲೇ ಫ್ರೇಮು ಹಾಕಿಸಿ ಇಟ್ಟುಕೊಂಡಿದ್ದೇನೆ.

ಆದ್ದರಿಂದ ಪೊನ್ನಪ್ಪ ಬಂದು ಕಷ್ಟ ಹೇಳಿಕೊಂಡಾಗ ನಾನು ಕ್ಷಣವೂ ತಡಮಾಡಲಿಲ್ಲ.

ಪೊನ್ನಪ್ಪ ಕೊಡಗಿನವನು. ಯೂನಿಯನ್ ಸಿಟಿಯಲ್ಲಿ ನಮ್ಮ ಎದುರು ಮನೆ. ಇಬ್ಬರೂ ನೆವಾರ್ಕಿನ ಆಫೀಸಿಗೆ ಒಂದೇ ಕಾರಿನಲ್ಲಿ ಹೋಗಿ ಬರುತ್ತೇವೆ. ಬೇಟೆಯ ಲೈಸೆನ್ಸು ಮಾಡಿಸಿ, ಹೊಡೆದ ಹಂದಿಗೆ ಕಟ್ಟುವ ಸರ್ಕಾರಿ ಟ್ಯಾಗು ತೆಗೆದುಕೊಂಡು, ವರ್ಷಕ್ಕೊಮ್ಮೆ ಹಾಲಿಸ್ಟರ್ ಆಚೆಯ ಒಂದು ರ‍್ಯಾಂಚಿನಲ್ಲಿ ಕಾಡುಹಂದಿ ಹೊಡೆದು ತರುವುದು ಅವನ ವ್ರತ. ಈ ಸಲ ಊರಿಂದ ಅವನ ತಾಯಿ ಮುತ್ತವ್ವನವರು ಬಂದಿದ್ದರು. ಬರುವಾಗ ಪಂದಿ ಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ಬಾಟಲಿಯೊಂದನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದರು. "ಅಂಗಡಿ ಹಂದಿಗೆಲ್ಲ ನಾನಿದನ್ನು ಹಾಕೋದಿಲ್ಲ" ಎಂದು ಮುಚ್ಚಳ ತೆಗೆಯದೆ ಕೂತಿದ್ದರು. ಅವರು ವಾಪಸು ಹೊರಡುವ ದಿನ ಹತ್ತಿರ ಬಂದಿತ್ತು. ಆದರೆ ಪೊನ್ನಪ್ಪನಿಗೆ ಮಂಡಿಯ ಆಪರೇಷನ್ನಾಗಿತ್ತು. ನಡೆಯಬಹುದು, ಭಾರ ಹೊರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಹೊಡೆದ ಮೇಲೆ ಮಾಂಸ ಗುಡ್ಡದ ಮೇಲೆ ಬಿಟ್ಟು ಬರೋ ಹಾಗಿಲ್ಲ ಮಾರಾಯ, ಕಾನೂನು. ಹೊತ್ಕೊಂಡು ಇಳಿಯೋದಕ್ಕೆ ಒಬ್ಬ ಜನ ಬೇಕು" ಎಂದ.

"ನಾನಿದ್ದೀನಲ್ಲ!" ಎಂದೆ.

"ನಿನ್ನ ಹತ್ರ ಅದಕ್ಕೆ ಬ್ಯಾಗಿದೆಯಾ?"

ಬ್ಯಾಗಿನ ವಿಷಯ ನನ್ನನ್ನು ಕೇಳುವುದೇ! ನಾನು ದೊಡ್ಡ ಮನಸ್ಸಿನಿಂದ ನಕ್ಕೆ.

"ಗಟ್ಟಿ ಇರ್ಲಿ, ಸದ್ದು ಮಾಡಬಾರ್ದು. ಅಷ್ಟೇ. ಒಂದು ರಾತ್ರಿ ಮೇಲೇ ಮಲಗೋದು. ಹತ್ತೋದು ಸ್ವಲ್ಪ ಜಾಸ್ತಿ ಇದೆ" ಎಂದ ಪೊನ್ನಪ್ಪ.

ಅವನ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯದು ಮಾತ್ರ. ಹತ್ತುವುದು ಜಾಸ್ತಿಯೆಂದರೆ ಚೀಲ ಹಗುರವಾಗಿರಬೇಕು!

ಅಂದಿನಿಂದ ನಮ್ಮ ಮನೆಯಲ್ಲಿ ಹಗುರ ಚೀಲದ ಅಧ್ಯಯನ ಪ್ರಾರಂಭವಾಯಿತು. ವಿಡಿಯೋಗಳಲ್ಲಿ ತೆಳ್ಳಗಿನ ತರುಣರು ಚೀಲವನ್ನು ಕಿರುಬೆರಳಿನಲ್ಲಿ ಎತ್ತಿ ತೋರಿಸುತ್ತಿದ್ದರು. ಟೂತ್‌ಬ್ರಶ್ಶಿನ ಹಿಡಿ ಕತ್ತರಿಸಿ ತೂಕ ಉಳಿಸುವ ಕ್ರಮವನ್ನು ಒಬ್ಬ ಮಹಾನುಭಾವ ಕಣ್ಣಲ್ಲಿ ನೀರು ತಂದುಕೊಂಡು ವಿವರಿಸಿದ. ನಾನೂ ಮನೆಯ ವಸ್ತುಗಳನ್ನೆಲ್ಲ ತೂಗತೊಡಗಿದೆ.

ಹೆಂಡತಿ ಸುಮಾ ಅಡಿಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. "ರೀ, ಕೇಕಿಗೆ ಮೈದಾ ತೂಗೋ ಸ್ಕೇಲು ಕಣ್ರೀ ಅದು! ಅದರ ಮೇಲೆ ಚಡ್ಡಿ ಇಟ್ಟಿದ್ದೀರಲ್ಲ!"

"ಒಗೆದದ್ದೇ."

"ಒಗೆದದ್ದಾದ್ರೆ ಹುರಿದು ಪುಡಿ ಮಾಡ್ಕೊಡ್ಲಾ?"

ಸಂಶೋಧಕರಿಗೆ ಮನೆಯವರಿಂದ ಪ್ರೋತ್ಸಾಹ ಸಿಕ್ಕ ಉದಾಹರಣೆ ಚರಿತ್ರೆಯಲ್ಲಿ ಕಡಿಮೆ.

ಕರ್ತವ್ಯವೆಂದು ಒಂದು ಅಂಗಡಿಗೂ ಹೋಗಿ ಬಂದೆ. ಗಡ್ಡದ ಮನುಷ್ಯನೊಬ್ಬ ಬೇಟೆಗಾರರ ಚೀಲವೊಂದನ್ನು ಇಳಿಸಿ ತೋರಿಸಿದ. ಒಣಹುಲ್ಲಿನ ಬಣ್ಣ, ಕಂಬಳಿಯಂಥ ಮೆತ್ತನೆ ಬಟ್ಟೆ, ಬೆನ್ನಿಗೆ ಲೋಹದ ಚೌಕಟ್ಟು, ಸೊಂಟಕ್ಕೆ ಪೈಲ್ವಾನರ ಪಟ್ಟಿ. ಎತ್ತಿ ನೋಡಿದೆ. ಬರಿದಾಗಿದ್ದಾಗಲೇ ಅದಕ್ಕೊಂದು ಗಾಂಭೀರ್ಯವಿತ್ತು.

"ಹೋಗುವಾಗ ಏನು ಹೊರುತ್ತೀರಿ?" ಎಂದು ಕೇಳಿದ.

"ನೀರು, ಚಪಾತಿ, ಒಂದು ಹೊದಿಕೆ."

"ಬರುವಾಗ?"

"ಅದು ಪೊನ್ನಪ್ಪನ ಗುರಿಯ ಮೇಲೆ ನಿಂತಿದೆ" ಎಂದೆ. ಪೊನ್ನಪ್ಪ ಯಾರೆಂದು ತಿಳಿಯದ ಆತ ತಲೆಯಾಡಿಸಿ ಚೀಲವನ್ನು ಮತ್ತೆ ಮೊಳೆಗೆ ಸಿಕ್ಕಿಸಿದ.

ನಾನು ಆನ್‌ಲೈನಿನಲ್ಲಿ ಬೇರೆಯದನ್ನೇ ತರಿಸಿದೆ. ಹಡಗಿನ ಹಾಯಿಗೆ ಬಳಸುವ ಬಟ್ಟೆಯಂತೆ. ಬೆಳ್ಳಗೆ, ಕಾಗದದಷ್ಟು ತೆಳ್ಳಗೆ. ಪೆಟ್ಟಿಗೆ ಬಂದಾಗ, ಒಳಗೆ ಚೀಲ ಹಾಕುವುದನ್ನೇ ಮರೆತಿದ್ದಾರೆ ಎಂದುಕೊಂಡೆ. ಅಷ್ಟು ಹಗುರ! ಬೆನ್ನಿಗೇರಿಸಿ ನಡುಮನೆಯಲ್ಲಿ ಒಂದು ಸುತ್ತು ನಡೆದೆ. ಚರಪರ, ಚರಪರ ಎಂದಿತು.

ಕಾಲೇಜಿನಿಂದ ರಜಕ್ಕೆ ಬಂದಿದ್ದ ಮಗಳು ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಯೂ ಸೌಂಡ್ ಲೈಕ್ ಅ ಬ್ಯಾಗ್ ಆಫ್ ಚಿಪ್ಸ್" ಎಂದಳು.

"ಹೊಸದು. ಬಳಸ್ತಾ ಬಳಸ್ತಾ ಮೆತ್ತಗಾಗತ್ತೆ" ಎಂದು ಮಗಳಿಗೂ ಚೀಲಕ್ಕೂ ತಿಳಿಹೇಳಿದೆ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಎಂಜಿನಿಯರನ ಕೈಗೆ ಕತ್ತರಿ ಸಿಕ್ಕಿತ್ತು. ಸೊಂಟದ ಪಟ್ಟಿ ನೋಡಿದೆ. ಸೊಂಟಕ್ಕೆ ಬೆಲ್ಟು ಹೇಗೂ ಇದೆ, ಇನ್ನೊಂದೇಕೆ? ಕತ್ತರಿಸಿದೆ. ಬೆನ್ನಿನ ಕಡೆ ಒಂದು ಗಟ್ಟಿ ಹಲಗೆಯಂಥ ಹಾಳೆಯಿತ್ತು. ನನ್ನ ಬೆನ್ನೇ ಗಟ್ಟಿಯಾಗಿದೆ ಎಂದು ಅದನ್ನೂ ಎಳೆದು ತೆಗೆದೆ. ಭುಜದ ಪಟ್ಟಿಯ ಬುಡದಲ್ಲಿ ಹೊಲಿಗೆಯ ಮೇಲೆ ಹೊಲಿಗೆ ಹಾಕಿದ್ದರು. ದಾರಕ್ಕೂ ತೂಕವಿದೆಯಲ್ಲ! ಒಂದು ಸಾಲು ಬಿಚ್ಚಿದೆ. ಸ್ಲೀಪಿಂಗ್ ಬ್ಯಾಗಿನ ಬದಲು ಹತ್ತಿಯ ದುಪ್ಪಟಿ ಇಟ್ಟೆ.

ಹೊರಡುವ ದಿನ ಪೊನ್ನಪ್ಪ ಕೋವಿಯ ಪೆಟ್ಟಿಗೆಯನ್ನು ತನ್ನ ಪಿಕಪ್ ಟ್ರಕ್ಕಿನಲ್ಲಿಟ್ಟು ನನ್ನ ಕಡೆ ತಿರುಗಿದ. ನನ್ನ ಬೆನ್ನಿನ ಮೇಲೆ ಬಿಸಿಲಿಗೆ ಹೊಳೆಯುತ್ತಿದ್ದ ವಸ್ತುವನ್ನು ತುಸುಹೊತ್ತು ನೋಡಿದ.

"ಬ್ಯಾಗೆಲ್ಲಿ?"

"ಇದೇ!"

"ನಾನು ಲಾಂಡ್ರಿಗೆ ಕೊಡೋ ಬಟ್ಟೆ ಅಂದ್ಕೊಂಡೆ" ಎಂದು ಟ್ರಕ್ಕು ಹತ್ತಿದ. ಫ್ರೀವೇ ಮುಗಿದು, ಮಣ್ಣಿನ ದಾರಿ ಹಿಡಿದು ಗುಡ್ಡದ ಬುಡ ಮುಟ್ಟಿದೆವು.

ಹತ್ತುವಾಗ ನಾನೇ ರಾಜ. ಅವನು ಕೋವಿ ಹಿಡಿದು, ಕೋಲೂರಿ ಮೆಲ್ಲಗೆ ಬರುತ್ತಿದ್ದ. ನಾನು ಮೇಲೆ ಹೋಗಿ ನಿಂತು "ಬಾ, ಬಾ" ಎನ್ನುತ್ತಿದ್ದೆ. ಒಣಹುಲ್ಲಿನ ಗುಡ್ಡ, ಅಲ್ಲಲ್ಲಿ ಓಕ್ ಮರ. ನಾನೊಬ್ಬ ಹುಟ್ಟು ಬೇಟೆಗಾರ, ಬೇಟೆಯೊಂದೇ ಬಾಕಿ ಎಂದು ಮನಸ್ಸು ಉಬ್ಬಿತ್ತು.

ಸಂಜೆ ಕೆಳಗಿನ ಕಣಿವೆಯಲ್ಲಿ ಹಂದಿಗಳು ಕಂಡವು. ಒಂದು ಸಂಸಾರವೇ ಇತ್ತು. ಓಕ್ ಕಾಯಿ ಆಯ್ದು ತಿನ್ನುತ್ತ ನಿಧಾನವಾಗಿ ನಮ್ಮ ಕಡೆಗೇ ಬರುತ್ತಿದ್ದವು. ಪೊನ್ನಪ್ಪ ಹೊಟ್ಟೆಯ ಮೇಲೆ ಮಲಗಿ ಕೋವಿ ಊರಿದ. ನನಗೂ ಮಲಗೆಂದು ಸನ್ನೆ ಮಾಡಿದ. ನಾನು ವಿಧೇಯನಾಗಿ ಬಗ್ಗಿದೆ.

ಚರಪರ!

ಹಂದಿಗಳು ತಲೆಯೆತ್ತಿದವು. ನಾನು ಕಲ್ಲಿನಂತೆ ನಿಂತೆ. ಪೊನ್ನಪ್ಪ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ಅದನ್ನು ಬಿಚ್ಚು."

ಬಿಚ್ಚುವುದೆಂದರೆ ಸುಮ್ಮನೆಯೇ? ಒಂದು ತೋಳು ಹೊರಗೆಳೆದೆ. ಚರ್! ಇನ್ನೊಂದು ತೋಳು. ಪರ್! ಗಾಳಿ ಬೇರೆ ಬೀಸಿ ಚೀಲ ಬಾವುಟದಂತೆ ಪಟಪಟ ಹಾರಿತು. ಕಣಿವೆಯಲ್ಲಿ ಧೂಳು ಮಾತ್ರ ಉಳಿಯಿತು. ಹಾಲಿಸ್ಟರಿನ ಹಂದಿಗಳು ಅಷ್ಟು ಜೋರಾಗಿ ಓಡಬಲ್ಲವೆಂದು ನನಗೆ ಗೊತ್ತಿರಲಿಲ್ಲ.

ಪೊನ್ನಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚಪಾತಿ ಬಿಚ್ಚಿ ತಿನ್ನುತ್ತ, "ಅಮ್ಮ ಬಾಟಲಿ ವಾಪಸು ತಗೊಂಡು ಹೋಗ್ತಾರೇನೋ" ಎಂದಷ್ಟೇ ಹೇಳಿದ. ನನ್ನ ಪಾಲಿನ ಚಪಾತಿಯನ್ನೂ ಅವನ ಮುಂದೆ ಸರಿಸಿದೆ. ಆ ರಾತ್ರಿ ಹತ್ತಿಯ ದುಪ್ಪಟಿಯಲ್ಲಿ ನಾನು ಹೇಗೆ ಮಲಗಿದ್ದೆ ಎಂಬುದನ್ನು ವಿವರಿಸುವುದಿಲ್ಲ. ಕೊನೆಗೆ ಆ ಚೀಲದೊಳಗೇ ಕಾಲು ತೂರಿಸಿಕೊಂಡೆ ಎಂದರೆ ಸಾಕು.

ಬೆಳಕು ಹರಿಯುತ್ತಲೇ ಪೊನ್ನಪ್ಪ ಎದ್ದ. "ನೀನೂ ನಿನ್ನ ಬ್ಯಾಗೂ ಈ ಮರದಡಿ ಇರಿ. ಉಸಿರಾಡಬಹುದು" ಎಂದು ಹೋದ. ಸೂರ್ಯ ಗುಡ್ಡದ ಮೇಲೆ ಬರುವ ಹೊತ್ತಿಗೆ ಒಂದೇ ಒಂದು ಗುಂಡಿನ ಸದ್ದು. ನಾನು ಓಡಿದೆ. ಕೊಬ್ಬಿದ ಹಂದಿಯೊಂದು ಹುಲ್ಲಿನಲ್ಲಿ ಒರಗಿತ್ತು. ಪೊನ್ನಪ್ಪನ ಮುಖದಲ್ಲಿ ನಗು ಮರಳಿತ್ತು. ಇಬ್ಬರೂ ಅಪ್ಪಿಕೊಂಡೆವು. ಅವನು ಹದವಾಗಿ ಕೊಯ್ದು, ತೊಡೆ, ಭುಜ, ಪಕ್ಕೆಗಳನ್ನು ಬಟ್ಟೆಯ ಚೀಲಗಳಲ್ಲಿ ಕಟ್ಟಿದ.

"ಇನ್ನು ನಿನ್ನ ಕೆಲಸ" ಎಂದ.

ತುಂಬಿ ಬೆನ್ನಿಗೇರಿಸಿದೆ. ಸೊಂಟದ ಪಟ್ಟಿ ಏತಕ್ಕೆ ಎಂಬುದು ಆ ಕ್ಷಣವೇ ತಿಳಿಯಿತು. ಬೆನ್ನಿನ ಹಲಗೆ ಏತಕ್ಕೆ ಎಂಬುದು ಮರುಕ್ಷಣ ತಿಳಿಯಿತು. ಹಂದಿಯ ಮೂಳೆಯೊಂದು ನನ್ನ ಬೆನ್ನುಮೂಳೆಯೊಂದಿಗೆ ನೇರವಾಗಿ ಮಾತುಕತೆ ಪ್ರಾರಂಭಿಸಿತು. ಹೊಲಿಗೆಯ ಮೇಲೆ ಹೊಲಿಗೆ ಏತಕ್ಕೆ ಎಂದು ತಿಳಿಯುವಷ್ಟರಲ್ಲಿ ಭುಜದ ಪಟ್ಟಿ ಕಿತ್ತು, ಚೀಲ ತಳದವರೆಗೂ ಸೀಳಿತು. ಹಂದಿಯ ತೊಡೆ ನೆಲಕ್ಕೆ ಬಿದ್ದು, ಒಮ್ಮೆ ಯೋಚಿಸಿದ ಹಾಗೆ ನಿಂತು, ಗುಡ್ಡದ ಕೆಳಗೆ ಉರುಳತೊಡಗಿತು.

"ಹಿಡಿ! ಹಿಡಿ ಮಾರಾಯ!" ಎಂದು ಪೊನ್ನಪ್ಪ ಕೂಗಿದ.

ಬದುಕಿದ್ದಾಗ ಅದು ಓಡಿದ್ದಕ್ಕಿಂತ ಜೋರಾಗಿ ಓಡಿತು! ನಾನು ಬಿದ್ದು, ಎದ್ದು, ಜಾರಿ, ಒಂದು ಪೊದೆಯಲ್ಲಿ ಅದನ್ನು ಅಪ್ಪಿ ಹಿಡಿದೆ. ಪೊದೆ ಪಾಯ್ಸನ್ ಓಕ್ ಎಂದು ಆಮೇಲೆ ತುರಿಕೆಯಿಂದ ತಿಳಿಯಿತು. ತೊಡೆಯನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದಾಗ ಪೊನ್ನಪ್ಪ ನೆಲದ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಮಂಡಿ ನೋವೂ ಮರೆತಿತ್ತು.

"ಈಗೇನು ಮಾಡೋದು?" ಎಂದೆ.

ಅವನು ನಗು ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಜೀನ್ಸಿನ ಮೇಲೆ ಕಣ್ಣು ನಿಲ್ಲಿಸಿದ.

"ಬಟ್ಟೆ ಒಳ್ಳೆ ಗಟ್ಟಿ ಇದೆ" ಎಂದ.

ಬೇರೆ ದಾರಿಯಿರಲಿಲ್ಲ. ಜೀನ್ಸಿನ ಎರಡೂ ಕಾಲುಗಳ ತುದಿಗೆ ಗಂಟು ಹಾಕಿ, ಎರಡರಲ್ಲೂ ಮಾಂಸ ತುಂಬಿ, ಸೊಂಟವನ್ನು ಬೆಲ್ಟಿನಿಂದ ಬಿಗಿದು ಹೆಗಲ ಮೇಲೆ ಹಾಕಿಕೊಂಡೆ. ಹಿಂದಿನಿಂದ ಯಾರೋ ನನ್ನ ಹೆಗಲೇರಿ ಕೂತ ಹಾಗಿತ್ತು. ಒಂದಿಷ್ಟೂ ಸದ್ದಿಲ್ಲ, ಭಾರ ಎರಡೂ ಕಡೆ ಸಮ. ಮೈದಾ ಸ್ಕೇಲಿನ ಮೇಲೆ ತೂಗಿಸಿಕೊಂಡಿದ್ದ ಚಡ್ಡಿಯಲ್ಲಿ ನಾನು ಗುಡ್ಡ ಇಳಿದೆ.

ಗೇಟಿನ ಬಳಿ ರ‍್ಯಾಂಚಿನ ಒಡತಿ ನಿಂತಿದ್ದರು. ತಲೆ ನರೆತ, ಗಟ್ಟಿ ಹೆಂಗಸು. ಉಳಿದ ಮಾಂಸಕ್ಕೆ ನಾನು ಮತ್ತೊಮ್ಮೆ ಹತ್ತಿ ಇಳಿಯುವವರೆಗೂ ಕದಲದೆ ನೋಡಿದರು. ಆಮೇಲೆ ಪೊನ್ನಪ್ಪನನ್ನು ಕರೆದು, ನಿನ್ನ ಗೆಳೆಯ ಆರೋಗ್ಯವಾಗಿದ್ದಾನೆಯೇ ಎಂದು ವಿಚಾರಿಸಿದರು.

"ಎಂಜಿನಿಯರು" ಎಂದ ಪೊನ್ನಪ್ಪ.

"ಓ" ಎಂದು ಆಕೆ ತಲೆದೂಗಿದರು. ಎಲ್ಲವೂ ಅರ್ಥವಾದ ಹಾಗಿತ್ತು.

ಭಾನುವಾರ ಎದುರುಮನೆಯಲ್ಲಿ ಊಟ. ಕಾಚಂಪುಳಿಯ ಘಮ ಬೀದಿಯವರೆಗೂ ಬಂದಿತ್ತು. ಸುಮಾ, ಮಗಳು, ನಾನು ಹೋಗಿ ಕೂತೆವು. ನಾನು ಕೈ, ಕತ್ತು ತುರಿಸಿಕೊಳ್ಳುತ್ತ ಕೂತೆ. ಮುತ್ತವ್ವನವರು ಅಕ್ಕಿಯ ಉಂಡೆ ಕಡಂಬುಟ್ಟು ಬಡಿಸಿ, ಪಂದಿ ಕರಿಯ ಪಾತ್ರೆ ಹಿಡಿದು ನಿಂತರು. ಬೇಟೆಗೆ ಹೋದವರಿಗೆಲ್ಲ ಅವರವರ ಕೆಲಸಕ್ಕೆ ತಕ್ಕ ಪಾಲು ಮೊದಲು ಕೊಡಬೇಕು ಎಂಬುದು ಅವರ ಮನೆಯ ಪದ್ಧತಿಯಂತೆ.

"ಹೊಡೆದವನಿಗೆ ಒಂದು ಪಾಲು" ಎಂದು ಮಗನಿಗೆ ಹಾಕಿದರು. ನನ್ನ ತಟ್ಟೆಯ ಮುಂದೆ ಸೌಟು ನಿಂತಿತು. "ಇವರು ಏನು ಮಾಡಿದ್ರು, ಪೊನ್ನು?"

ಪೊನ್ನಪ್ಪ ಸುಳ್ಳು ಹೇಳುವವನಲ್ಲ. "ಸಂಜೆ ಗಲಾಟೆ ಮಾಡಿ ಹಂದಿ ಓಡಿಸಿದ. ಬೆಳಿಗ್ಗೆ ಮರದಡಿ ಕೂರಿಸಿ ಹೋಗಿದ್ದೆ. ಆಮೇಲೆ ಉರುಳಿ ಹೋದ ತೊಡೇನ ಅಟ್ಟಿಸ್ಕೊಂಡು ಹೋಗಿ, ಪೊದೆಯೊಳಗೆ ನುಗ್ಗಿ, ಹಿಡ್ಕೊಂಡು ಬಂದ."

ಮುತ್ತವ್ವನವರು ಸೌಟಿನಿಂದ ಪಾತ್ರೆಯ ತಳ ಕಲಕಿದರು. ಸುಮಾಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

"ಹಾಗಾದ್ರೆ ನಮ್ಮಲ್ಲಿ ಅದಕ್ಕೂ ಒಂದು ಪಾಲಿದೆ" ಎಂದು ಮುತ್ತವ್ವನವರು ಬಹಳ ಗೌರವದಿಂದ ನನ್ನ ತಟ್ಟೆಗೆ ಸೌಟು ಇಳಿಸಿದರು. "ನಾಯಿ ಪಾಲು."

ನಾಯಿ ಪಾಲು ದೊಡ್ಡದೇ ಇತ್ತು. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.