ಮಿಂಕಿಗೊಂದು ಅಸಲಿ ದೀಪ

ಹೆಲ್ಮಿಯ ತವರಿಗೆ ನಾನು ಮೊದಲ ಸಲ ಹೋದದ್ದು ಒಂದು ಜನವರಿಯಲ್ಲಿ. ಆಗಿನ್ನೂ ನಮ್ಮ ಮದುವೆಯಾಗಿರಲಿಲ್ಲ. ಮನೆಯ ಹಿಂದೆ ಬರ್ಚ್ ಮರಗಳ ನಡುವೆ ಹಿಮ ಹೊದ್ದ ಏಳು ದಿಬ್ಬಗಳು ಸಾಲಾಗಿ ಮಲಗಿದ್ದವು. ಪ್ರತಿ ದಿಬ್ಬದ ತಲೆಯ ಕಡೆಗೂ ಒಂದು ಮರದ ಗೂಟ, ಗೂಟದ ಮೇಲೆ ಒಂದು ಹೆಸರು, ಒಂದು ಇಸವಿ. ‘ಮಿಂಕ್, ೧೯೬೮’. ‘ಲೂನ್, ೧೯೭೦’. ‘ಮಿಂಕ್, ೧೯೭೧’. ಒಂದೇ ಇಸವಿ ಇದ್ದದ್ದರಿಂದ, ಹುಟ್ಟಿದ ವರ್ಷವೇ ತೀರಿಕೊಂಡ ಕೂಸುಗಳಿರಬೇಕು ಎಂದುಕೊಂಡೆ. ಕಿವಿ ಮರಗಟ್ಟುವ ಆ ಚಳಿಯಲ್ಲಿ ಟೋಪಿ ತೆಗೆದು, ತಲೆ ಬಾಗಿಸಿ, ಪ್ರತಿಯೊಂದರ ಮುಂದೆಯೂ ಒಂದೊಂದು ಗಳಿಗೆ ಮೌನವಾಗಿ ನಿಂತೆ. ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಹೆಲ್ಮಿಯ ಅಪ್ಪ ರೇನೋ, “ಹಳೇ ಮಾಲಿಗೆ ಮರ್ಯಾದೆ ಕೊಡೋ ಹುಡುಗ. ಪರವಾಗಿಲ್ಲ” ಎಂದರಂತೆ. ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಭಾಷಣ ಅದೇ.

ಹೀಗೆ ಮಿಂಕ್, ಲೂನ್ ಎಂಬ ಮಾದರಿಗಳ ಏಳು ಹಳೆಯ ಸ್ನೋಮೊಬೈಲ್‌ಗಳಿಗೆ, ಅಂದರೆ ಹಿಮದ ಮೇಲೆ ಓಡುವ ಬಂಡಿಗಳಿಗೆ, ಶ್ರದ್ಧಾಂಜಲಿ ಸಲ್ಲಿಸಿದ ಪುಣ್ಯದಿಂದ ನನಗೆ ಹೆಂಡತಿ ಸಿಕ್ಕಿದಳು. ಬಳುವಳಿಯಾಗಿ ೧೯೬೮ರ ಮಿಂಕ್ ಕೂಡ ಬಂತು. “ಈ ಒಂದು ಚಳಿಗಾಲ ನಿಮ್ಮ ಗ್ಯಾರೇಜಲ್ಲಿರಲಿ” ಎಂದಿದ್ದರು ಮಾವ. (ಅವರು ಯಾವ ಚಳಿಗಾಲ ಎಂದು ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಹೊಸ ಅಳಿಯ ಹೀಗೆಲ್ಲ ಕೇಳುವುದಿಲ್ಲ.)

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಡದ ನಮ್ಮ ಊರಿನಲ್ಲಿ ಕಾರು ನಿಲ್ಲಿಸುವ ಗ್ಯಾರೇಜ್ ಎಂದರೆ ಗಂಡಹೆಂಡಿರ ಸಂಬಂಧದ ಅಡಿಪಾಯ. ಹೆಲ್ಮಿ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಊರು ಏಳುವುದರೊಳಗೆ ಏಲಕ್ಕಿ ಬ್ರೆಡ್ಡು ಬೆಂದಿರಬೇಕಾದ್ದರಿಂದ ಕತ್ತಲಲ್ಲೇ ಹೊರಡಬೇಕು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ ಅವಳು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಕೆರೆಯುತ್ತಿರುವಾಗ, ಗೋಡೆಯ ಆಚೆ, ಹೀಟರಿನ ಪಕ್ಕ, ಮೈತುಂಬ ಕಂಬಳಿ ಹೊದ್ದು ಮಿಂಕ್ ಮಹಾಶಯ ನಿದ್ರಿಸುತ್ತಿರುತ್ತಿದ್ದ.

“ವೆಂಡೆಲ್, ನಮ್ಮ ಮನೇಲಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗೋದು ಯಾರು, ನಾನೋ ಮಿಂಕೋ?”

“ನೀನೇ.”

“ಬೆಚ್ಚಗೆ ಮಲಗಿರೋದು?”

“ಮಿಂಕ್. ಆದ್ರೆ ಅದಕ್ಕೆ ವಯಸ್ಸಾಗಿದೆ ಹೆಲ್ಮಿ.”

“ಇನ್ನೊಂದು ವರ್ಷ ಹೀಗೇ ಗಾಜು ಕೆರೆದ್ರೆ ನನಗೂ ಆಗತ್ತೆ.”

ಮಿಂಕನ್ನು ಹಿಂದಕ್ಕೆ ಕೊಡೋಣವೆಂದರೆ, ಮಾವ ಅಷ್ಟರಲ್ಲಿ ಅದರ ಜಾಗದಲ್ಲಿ ಎಂಟನೆಯದೊಂದನ್ನು ತಂದು ಮಲಗಿಸಿದ್ದರು. ಉಳಿದದ್ದು ಒಂದೇ ದಾರಿ. ನಮ್ಮೂರಲ್ಲಿ ಪ್ರತಿ ಫೆಬ್ರವರಿ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಹಳೆಯ ಹಿಮಬಂಡಿಗಳ ಪ್ರದರ್ಶನ ನಡೆಯುತ್ತದೆ. ಹೊಸ ಬಣ್ಣ ಬಳಿದು ಮದುಮಗಳಂತೆ ಮಾಡಿದ ಬಂಡಿಗಳಿಗೆ ಅಲ್ಲಿ ಬರೀ ಚಪ್ಪಾಳೆ. ದೊಡ್ಡ ಬಹುಮಾನ ಕಾರ್ಖಾನೆಯಿಂದ ಹೇಗೆ ಹೊರಬಿತ್ತೋ ಹಾಗೇ ಇರುವ ಬಂಡಿಗೆ. ಗೆದ್ದದ್ದು ಒಂದು ವರ್ಷ ಗ್ರಂಥಾಲಯದ ದೊಡ್ಡ ಗಾಜಿನ ಕಿಟಕಿಯೊಳಗೆ ನಿಲ್ಲುತ್ತದೆ. ಒಂದು ವರ್ಷ ಎಂದರೆ ಒಂದಿಡೀ ಚಳಿಗಾಲ. ಮಿಂಕ್ ಗೆದ್ದರೆ ಗ್ಯಾರೇಜ್ ಹೆಲ್ಮಿಯದು. ಹೀಗೆ ಆರಂಭವಾಯಿತು ನನ್ನ ಗ್ಯಾರೇಜ್ ವಿಮೋಚನಾ ಸಮರ.

ಮೊದಲ ವರ್ಷ ಸೋತೆವು. ಕೋಲಿನ ತುದಿಗೆ ಕನ್ನಡಿ ಕಟ್ಟಿಕೊಂಡು ಬಂದ ತೀರ್ಪುಗಾರ ಬಂಡಿಯ ಹೊಟ್ಟೆಯ ಕೆಳಗೆಲ್ಲ ಇಣುಕಿ, ದಂತವೈದ್ಯನ ದನಿಯಲ್ಲಿ, “ಬೋಲ್ಟು ಬೇರೆಯವು. ಎಡಗೈ ಹಿಡಿಕೆ ಬೇರೆಯದು. ಸ್ಟಾರ್ಟ್ ಮಾಡೋ ಹಗ್ಗ ಬಟ್ಟೆ ಒಣಗಿಸೋದು” ಎಂದ.

ಅಂದಿನಿಂದ ನಾನು ಬೋಲ್ಟುಗಳ ಪಂಡಿತನಾದೆ. ಬೋಲ್ಟಿನ ತಲೆಯ ಮೇಲಿನ ಗೀರು ನೋಡಿ ಅದರ ಕುಲಗೋತ್ರ ಹೇಳುತ್ತಿದ್ದೆ. ವೈರಿಗೆ ಸುತ್ತಿದ್ದು ಬಟ್ಟೆಯೋ ಪ್ಲಾಸ್ಟಿಕ್ಕೋ, ರಿವೆಟ್ಟನ್ನು ಒಳಗಿನಿಂದ ಬಡಿದದ್ದೋ ಹೊರಗಿನಿಂದಲೋ, ಸೀಟಿನ ಹೊಲಿಗೆಯಲ್ಲಿ ಇಂಚಿಗೆ ಎಷ್ಟು ಟಾಕು, ಎಲ್ಲವೂ ಬಾಯಿಪಾಠ. (ಮದುವೆಯ ವಾರ್ಷಿಕೋತ್ಸವದ ತಾರೀಖು ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿಯೇ ತಿಳಿಯಬೇಕು.) ನನ್ನ ಉದ್ಯೋಗವೂ ಇದಕ್ಕೆ ಅನುಕೂಲವಾಗಿತ್ತು. ಮನೆಮನೆಗೆ ಹೋಗಿ ಗ್ಯಾಸ್ ತುಂಬುವ ಲಾರಿಯ ಚಾಲಕ ನಾನು. ಯಾರ ಕೊಟ್ಟಿಗೆಯಲ್ಲಿ ಯಾವ ಮಿಂಕ್ ಕೊಳೆಯುತ್ತಿದೆ ಎಂಬುದು ಅವರ ಮಕ್ಕಳಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ವಾರವೆಲ್ಲ ಪತ್ತೆ ಹಚ್ಚಿ ಶನಿವಾರ ಬೇಟೆಗೆ ಹೊರಡುತ್ತಿದ್ದೆ.

ಆದರೆ ಇಲ್ಲಿನ ಹಳಬರ ಹತ್ತಿರ ಒಂದು ಬೋಲ್ಟ್ ಕೊಳ್ಳುವುದು ಅಷ್ಟು ಸುಲಭವಲ್ಲ. ಹೋದ ಕೂಡಲೇ ಬೋಲ್ಟಿನ ಮಾತೆತ್ತಬಾರದು. ಮೊದಲು ಕಾಫಿ. ಆಮೇಲೆ ಹಿತ್ತಲಿನ ಪುಟ್ಟ ಮರದ ಮನೆಯಲ್ಲಿ ಸೌನಾ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿ, ಹಬೆಯಲ್ಲಿ ಬೆಂದು, ಹಿಮದಲ್ಲಿ ಹೊರಳಿ, ಮತ್ತೆ ಬೆಂದು, ಮೈ ಟೊಮೆಟೊ ಬಣ್ಣಕ್ಕೆ ತಿರುಗಿದ ಮೇಲೆಯೇ ವ್ಯಾಪಾರ. ಬೆವರದ ಮನುಷ್ಯನನ್ನು ನಂಬಬಾರದು ಎಂಬುದು ಅವರ ಸಿದ್ಧಾಂತ.

“ಬೋಲ್ಟ್ ತರ್ತೀನಿ ಅಂತ ಹೋದೋನು ತಲೆಸ್ನಾನ ಮಾಡ್ಕೊಂಡು ಬಂದಿದ್ದೀಯ,” ಎಂದಳು ಹೆಲ್ಮಿ ಒಂದು ಶನಿವಾರ, ನನ್ನ ಕೂದಲನ್ನು ಮೂಸಿ.

“ಬೋಲ್ಟಿಗೋಸ್ಕರವೇ.”

“ಹೋದ ವಾರವೂ?”

“ಅದು ಹಿಡಿಕೆಗೆ.”

“ಬೇರೆ ಗಂಡಂದಿರು ಹೀಗೆ ಸುಳ್ಳು ಹೇಳಿ ಎಲ್ಲಿಗಾದ್ರೂ ಹೋಗ್ತಾರೆ ವೆಂಡೆಲ್. ನೀನು ನಿಜವಾಗ್ಲೂ ಬೋಲ್ಟಿಗೇ ಹೋಗ್ತೀಯ. ಯಾವುದಕ್ಕೆ ಅಳಬೇಕೋ ಗೊತ್ತಾಗ್ತಿಲ್ಲ.”

ಬೋಲ್ಟು, ಹಿಡಿಕೆ, ಹಗ್ಗ ಎಲ್ಲ ಸೇರಿದವು. ಮಿಂಕ್ ಅಪ್ಪಟ ಅಸಲಿಯಾಯಿತು ಎಂದು ಬೀಗುತ್ತಿರುವಾಗ ನನ್ನ ದೃಷ್ಟಿ ಅದರ ಹಣೆಯ ಮೇಲೆ ಬಿತ್ತು. ಮುಂದಿನ ದೀಪ. ಊರಿನಲ್ಲಿ ನಾನು ನೋಡಿದ ಮಿಂಕ್‌ಗಳಿಗೆಲ್ಲ ದುಂಡನೆಯ ದೀಪ, ಸುತ್ತ ಹೊಳೆಯುವ ಬಳೆ. ನಮ್ಮದಕ್ಕೆ ಮಾತ್ರ ಚೌಕ ಮೋರೆಯ, ಹಸುರು ಬಣ್ಣದ, ಶುದ್ಧ ಟ್ರ್ಯಾಕ್ಟರ್ ದೀಪ. ರಾಜಕುಮಾರನಿಗೆ ಗೌಡರ ರುಮಾಲು ಸುತ್ತಿದ ಹಾಗೆ. ತೀರ್ಪುಗಾರನ ಕಣ್ಣಿಗೂ ಇದು ಬಿದ್ದಿರಲಿಲ್ಲ. ಪಾಪ, ವಯಸ್ಸಾದ ಮನುಷ್ಯ ಎಂದುಕೊಂಡೆ.

“ಅಪ್ಪನ್ನ ಒಂದು ಮಾತು ಕೇಳು. ಹೊಸದಿದ್ದಾಗ ಕೊಂಡೋನು ಅವನೇ ತಾನೆ?” ಎಂದಳು ಹೆಲ್ಮಿ.

“ಕೇಳಿದೆ. ಈ ದೀಪ ತೆಗೆದು ಅಸಲಿ ಹಾಕ್ತೀನಿ ಅಂದೆ. ‘ಹೂಂ’ ಅಂದ್ರು.”

“ಸೌನಾಗೆ ಬೆಂಕಿ ಬಿದ್ದಾಗಲೂ ಅಪ್ಪ ‘ಹೂಂ’ ಅಂದೋನು.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿರುಕಿಲ್ಲದ ದುಂಡು ದೀಪ ಇದ್ದದ್ದು ಕೊಲ್ಲಿಯ ಆಚೆ ದಡದ ಲೊರೇನ್ ಎಂಬ ವಿಧವೆಯ ಹತ್ತಿರ. ಅವಳದೂ ೧೯೬೮ರ ಮಿಂಕ್; ಹಿಂದಿನ ಪ್ರದರ್ಶನದಲ್ಲಿ ನಮ್ಮ ಪಕ್ಕದಲ್ಲೇ ನಿಂತು ನಮ್ಮಂತೆಯೇ ಸೋತದ್ದು. ಎದುರಾಳಿ ದೀಪ ಕೊಡುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಆದರೂ ಹೋದೆ. ಕಾಫಿಯಾಯಿತು. ಸೌನಾ ಕಾಯಿಸಿ, ಟವೆಲ್ ಕೈಗೆ ಕೊಟ್ಟು, ಒಬ್ಬನನ್ನೇ ಒಳಗೆ ತಳ್ಳಿದಳು. ಹೊರಬಂದಾಗ ಮಾಂಸ ತುಂಬಿದ, ಕಡುಬಿನಂಥ ಪಾಸ್ಟಿ ಬಿಸಿಮಾಡಿ ಇಟ್ಟಿದ್ದಳು.

“ದುಂಡು ದೀಪ ತಾನೆ ಬೇಕು? ನನ್ನ ಬಂಡೀದೇ ಬಿಚ್ಚಿಕೊಡ್ತೀನಪ್ಪ,” ಎಂದಳು.

ಕಚ್ಚಿದ ಪಾಸ್ಟಿಯನ್ನು ತಟ್ಟೆಗೆ ಇಟ್ಟೆ. “ನಿಮ್ಮ ಬಂಡೀಗೆ?”

“ನನಗೆ ಈ ವಯಸ್ಸಲ್ಲಿ ಬಹುಮಾನ ಯಾಕೆ? ನಿನ್ನ ಆ ಟ್ರ್ಯಾಕ್ಟರ್ ದೀಪ ಕೊಟ್ಟುಬಿಡು. ಕಣ್ಣಿಲ್ಲದೆ ನಿಲ್ಲೋದಕ್ಕಿಂತ ಮೆಳ್ಳಗಣ್ಣು ವಾಸಿ.”

ನನ್ನ ಕಣ್ಣಲ್ಲಿ ನೀರಾಡಿತು. ಒಬ್ಬ ಒಂಟಿ ಹೆಂಗಸಿಗೆ ಮೋಸ ಮಾಡುತ್ತಿದ್ದೇನಲ್ಲ ಎಂಬ ಪಾಪಪ್ರಜ್ಞೆ ಮನೆಯ ತಿರುವಿನವರೆಗೂ ನನ್ನ ಜೊತೆ ಬಂತು. ಅಲ್ಲಿಂದ ಮುಂದೆ ಸಿಳ್ಳೆ ಹಾಕುತ್ತ ಬಂದೆ.

ಪ್ರದರ್ಶನದ ಬೆಳಿಗ್ಗೆ ನಾನೂ ಮಾವನೂ ಮಿಂಕನ್ನು ಟ್ರೇಲರಿಗೆ ಏರಿಸಿದೆವು. ಖಾಲಿಯಾದ ಗ್ಯಾರೇಜಿನ ನಡುವೆ ನಿಂತು ಹೆಲ್ಮಿ, ಹೊಸ ಮನೆಗೆ ಬಂದವಳ ಹಾಗೆ ಸುತ್ತ ನೋಡುತ್ತಿದ್ದಳು.

“ಗೆಲ್ತೀಯ ತಾನೆ?”

“ಗೆದ್ದ ಹಾಗೇ. ಕಾರು ಒಳಗೆ ತಂದು ನಿಲ್ಸು.”

ಕೊಲ್ಲಿಯ ಮೇಲೆ ಅದೇ ತೀರ್ಪುಗಾರ, ಅದೇ ಕನ್ನಡಿ. ಬೋಲ್ಟು ನೋಡಿ ತಲೆದೂಗಿದ. ಹಿಡಿಕೆ ಸವರಿ ತಲೆದೂಗಿದ. ಹಗ್ಗ ಎಳೆದು “ಭೇಷ್” ಎಂದ. ನಾನು ಗ್ರಂಥಾಲಯದ ಕಿಟಕಿಯನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಆಮೇಲೆ ಅವನು ಎದುರಿಗೆ ಬಂದು ನಿಂತು ದೀಪವನ್ನು ನೋಡಿದ. ಎಂಜಿನ್ ಪಕ್ಕದ ತಗಡಿನ ಮೇಲಿನ ನಂಬರು ಓದಿದ. ಮತ್ತೆ ದೀಪ ನೋಡಿದ.

“ಹೋದ ವರ್ಷದ ದೀಪ ಎಲ್ಲಿ?”

“ಅದು ಟ್ರ್ಯಾಕ್ಟರಿಂದು. ಬದಲಾಯಿಸಿದೆ. ಇದು ಅಸಲಿ,” ಎಂದೆ, ಹೋದ ಸಲ ತಪ್ಪು ತೋರಿಸದ ಅವನನ್ನು ಮನಸ್ಸಿನಲ್ಲೇ ಕ್ಷಮಿಸುತ್ತ.

“ದೀಪ ಅಸಲೀನೇ. ಆದ್ರೆ ಈ ಬಂಡೀದಲ್ಲ. ಕಾರ್ಖಾನೆ ಶುರುವಾದ ಮೊದಲ ಚಳಿಗಾಲ ದುಂಡು ದೀಪ ಸರಬರಾಜು ಆಗಲಿಲ್ಲ. ಎದುರುಗಡೆ ಟ್ರ್ಯಾಕ್ಟರ್ ಅಂಗಡಿ ಇತ್ತು, ಅಲ್ಲಿಂದ ದೀಪ ತಂದು ಹಾಕಿದ್ರು. ಈ ನಂಬರಿನವರೆಗೆ ಎಲ್ಲಕ್ಕೂ ಅದೇ. ಊರಲ್ಲಿ ಆ ದೀಪ ಉಳಿದಿದ್ದು ಒಂದೇ ಒಂದು ಅಂತ ನನ್ನ ಲೆಕ್ಕ.”

ಹೇಳಿ ಪಕ್ಕಕ್ಕೆ ಸರಿದ. ಪಕ್ಕದಲ್ಲಿ ಲೊರೇನಳ ಮಿಂಕ್, ನಮ್ಮದಕ್ಕಿಂತ ಒಂದು ನಂಬರು ಮುಂಚಿನದು. ಅದರ ಹಣೆಯಲ್ಲಿ ಹಸುರು ಚೌಕ ದೀಪ, ಗಂಧದ ಬೊಟ್ಟಿನಂತೆ. ಅವಳು ನನ್ನ ಕಡೆ ನೋಡಿ, “ಪಾಸ್ಟಿ ಸೇರ್ತೇನಪ್ಪ ಅವತ್ತು?” ಎಂದು ಅಕ್ಕರೆಯಿಂದ ವಿಚಾರಿಸಿದಳು.

ಬಹುಮಾನ ಯಾರಿಗೆ ಹೋಯಿತೆಂದು ಬರೆದು ಮಸಿ ಖರ್ಚು ಮಾಡುವುದಿಲ್ಲ.

ನಾನೂ ಮಾವನೂ ಮಿಂಕಿನೊಡನೆ ಮನೆಗೆ ಬಂದಾಗ ಗ್ಯಾರೇಜಿನಲ್ಲಿ ಕಾರು ನಿಂತಿತ್ತು. ಗೋಡೆಗೆ ಪರದೆ. ಕಾರಿನ ಮುಂದೆ ಚಪ್ಪಲಿ ಒರೆಸುವ ಹೊಸ ಚಾಪೆ. ಹೆಲ್ಮಿ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಕಾರು ತೆಗೆಯಲ್ಲ ವೆಂಡೆಲ್.”

“ಹೆಲ್ಮಿ, ಹೊರಗೆ ಇಟ್ರೆ ಅದರ ಸೀಟು ಸೀಳಿಹೋಗತ್ತೆ.”

“ಹಾಗಾದ್ರೆ ಒಳಗೆ ಇಟ್ಕೊ. ಇಷ್ಟು ದಿನ ಮನೆಯವನ ಹಾಗೇ ನೋಡ್ಕೊಂಡಿದೀಯಲ್ಲ.”

ಅವಳು ತಮಾಷೆ ಮಾಡುತ್ತಿದ್ದಾಳೆಂದು ನಾನು ತಿಳಿದಿದ್ದೆ. ಹಿತ್ತಲಿನ ಅಗಲವಾದ ಗಾಜಿನ ಬಾಗಿಲನ್ನು ಅವಳು ಆಗಲೇ ತೆರೆದಿಟ್ಟಿದ್ದಳು. ಸೋಫಾ ಅಂಗಳದಲ್ಲಿತ್ತು. ಹೀಗೆ ಮಿಂಕ್ ನಮ್ಮ ಹಜಾರಕ್ಕೆ ಗೃಹಪ್ರವೇಶ ಮಾಡಿ, ಟೀವಿಗೆ ಮುಖಮಾಡಿ ನಿಂತಿತು. ಮಾವ ಅದರ ಸೀಟಿನ ಮೇಲೆ ಹತ್ತಿ ಕುಳಿತು, ಕಾಫಿಯನ್ನು ಸಾಸರಿಗೆ ಬಗ್ಗಿಸಿ, ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿಕೊಂಡು ಹೀರತೊಡಗಿದರು. ಅವರ ಮುಖದಲ್ಲಿ ಸೋತವರ ಲಕ್ಷಣ ಎಳ್ಳಷ್ಟೂ ಇರಲಿಲ್ಲ. ಅದು ಹೆಲ್ಮಿಯ ಕಣ್ಣಿಗೂ ಬಿತ್ತು.

“ಅಪ್ಪ, ಆ ದೀಪ ಕಾರ್ಖಾನೇದೇ ಅಂತ ನಿನಗೆ ಗೊತ್ತಿತ್ತಾ?”

“ಹೂಂ.”

“ಈ ‘ಹೂಂ’ ಸಾಲದು. ಗೊತ್ತಿತ್ತೋ ಇಲ್ವೋ?”

“ಗೊತ್ತಿತ್ತು. ಕೊಂಡ ದಿನದಿಂದ ಅದೇ ಇತ್ತು.”

ನಾನು ಹಿಮಬೂಟನ್ನು ಅರ್ಧ ಬಿಚ್ಚಿದ್ದವನು ಹಾಗೇ ನೆಲದ ಮೇಲೆ ಕುಳಿತೆ.

“ಮತ್ತೆ ಇವನು ಅದನ್ನ ಬಿಚ್ಚೋವಾಗ ಬಾಯಿಬಿಡೋಕೇನಾಗಿತ್ತು? ಎಷ್ಟು ಶನಿವಾರ ಹಾಳು ಮಾಡ್ಕೊಂಡ ಅಂತ ನೋಡಿದೀಯ? ಇನ್ನೂ ಅಲೀಲಿ ಅಂತ ಯಾಕೆ ಬಿಟ್ಟೆ?”

ಮಾವ ಸಾಸರನ್ನು ಪೂರ್ತಿ ಖಾಲಿ ಮಾಡಿ, ಮಿಂಕಿನ ಮೂತಿಯ ಮೇಲೆ ಇಟ್ಟರು.

“ಈ ಬೋಲ್ಟಿನ ಹುಚ್ಚು ಹಿಡಿಯೋಕೆ ಮುಂಚೆ ಶನಿವಾರ ಬಂದ್ರೆ ಇವನು ನಮ್ಮನೇಲಿ ಕೂತು ಮಾತಾಡ್ತಿದ್ದ,” ಎಂದರು. “ಈಗ ಊರೋರ ಮನೇಲಿ ಕೂತು ಮಾತಾಡ್ತಾನೆ.”