ಸ್ವೀಕೃತ ದಾನಿಯ ಅಭಿಪ್ರಾಯ

ವೈದ್ಯಕೀಯ ಕಾಲೇಜಿಗೆ ದೇಹದಾನ ಮಾಡಿದ ಮೂವತ್ತೆಂಟು ಮಂದಿಯಲ್ಲಿ ಒಬ್ಬರೂ ಆ ವರ್ಷದ ಅಭಿಪ್ರಾಯ ಸಂಗ್ರಹಣೆಗೆ ಸಹಕರಿಸಲಿಲ್ಲ. ಅವರವರ ಮನೆಗೆ ಮೂರು ಸಲ ನಮೂನೆ ಕಳಿಸಲಾಗಿತ್ತು. "ದಾನದ ನಂತರ ನಮ್ಮ ಸೇವೆ ತಮಗೆ ತೃಪ್ತಿ ತಂದಿದೆಯೇ?" ಎಂಬ ಏಳನೇ ಪ್ರಶ್ನೆಗೆ ಎಲ್ಲರೂ ಮೌನ ವಹಿಸಿದ್ದರು. ಮೌನವೇ ಸಮ್ಮತಿ ಎಂದು ಬರೆದುಕೊಳ್ಳಲು ಅಂಗರಚನಾ ವಿಭಾಗದ ಮುಖ್ಯಸ್ಥರು ಸಿದ್ಧರಿದ್ದರು. ಪರಿಶೀಲನಾ ಸಮಿತಿ ಒಪ್ಪಲಿಲ್ಲ. ಉತ್ತರ ಬಾರದಿದ್ದರೆ ವಿಭಾಗದ ಮಾನ್ಯತೆ ರದ್ದು ಎಂದು ಪತ್ರ ಬಂತು.

ಇಂಥ ಸಂಕಟದಲ್ಲಿ ಎಪ್ಪತ್ತೊಂದು ವರ್ಷದ ದರ್ಜಿಯೊಬ್ಬರು ತಾವಾಗಿಯೇ ಕಚೇರಿಗೆ ನಡೆದುಬಂದರು.

"ನಲವತ್ತೈದು ವರ್ಷ ಜನರ ಹೊರಗಿನ ಅಳತೆ ತಗೊಂಡೆ. ನನ್ನ ಒಳಗಿನ ಅಳತೆ ಇಲ್ಲಿ ಓದೋ ಮಕ್ಕಳು ತಗೊಳ್ಳಲಿ," ಎಂದರು.

ಸತ್ತ ಮೇಲೆ ದೇಹ ಕೊಡುತ್ತೇವೆನ್ನುವವರ ಹೆಸರು ಬರೆಯುವ ಪುಸ್ತಕ ಮುಗಿದುಹೋಗಿತ್ತು. ಹೊಸ ಪುಸ್ತಕದ ಬೇಡಿಕೆ ಹನ್ನೊಂದು ತಿಂಗಳಿಂದ ಸಹಿಗೆ ಕಾಯುತ್ತಿತ್ತು. ಕೆಲಸ ನಿಲ್ಲಬಾರದೆಂದು ಗುಮಾಸ್ತರು 'ಸ್ವೀಕರಿಸಿದ ದೇಹಗಳು' ಎಂಬ ಪುಸ್ತಕದಲ್ಲಿ ಬರೆದು ಮುದ್ರೆ ಒತ್ತಿದರು. ದರ್ಜಿ ಎದ್ದರು.

"ಎಲ್ಲಿಗೆ ಹೊರಟ್ರಿ ಯಜಮಾನ್ರೇ?"

"ಮನೆಗೆ."

"ಅದು ಹೇಗಾಗುತ್ತೆ? ನಿಮ್ಮನ್ನ ಸ್ವೀಕರಿಸಿ ಆಯ್ತಲ್ಲ."

"ನಾನಿನ್ನೂ ಸತ್ತಿಲ್ಲಪ್ಪಾ!"

"ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ."

ಮುಖ್ಯಸ್ಥರು ಬಂದರು. ಪುಸ್ತಕವನ್ನು ನೋಡಿದರು, ದರ್ಜಿಯನ್ನು ನೋಡಿದರು, ಪುಸ್ತಕವನ್ನು ನಂಬಿದರು. ಮರುಕ್ಷಣ ಅವರ ಮುಖ ಅರಳಿತು. ಸ್ವೀಕೃತ ದಾನಿಗಳಲ್ಲಿ ಬಾಯಿ ಬಿಡುವವರು ಇವರೊಬ್ಬರೇ!

"ಸ್ವಾಮಿ, ನಮ್ಮ ಸೇವೆ ಹೇಗಿದೆ?"

"ಕುರ್ಚಿ ಅಲ್ಲಾಡುತ್ತೆ. ಬಂದು ಎರಡು ಗಂಟೆ ಆಯ್ತು, ಒಂದು ಲೋಟ ನೀರು ಕೊಟ್ಟೋರಿಲ್ಲ."

ದಾನಿಯೊಬ್ಬರು ರಚನಾತ್ಮಕ ಟೀಕೆ ಮಾಡಿದ್ದು ಇದೇ ಮೊದಲೆಂದು ಸಮಿತಿ ಅಂದೇ ಮೆಚ್ಚುಗೆ ಸೂಚಿಸಿತು. ಉಳಿದ ಮೂವತ್ತೆಂಟು ಮಂದಿಯ ಅಭಿಪ್ರಾಯವನ್ನೂ ಇವರೇ ತಿಳಿಸತಕ್ಕದ್ದು ಎಂದು ಆದೇಶಿಸಿತು.

ಸಂಜೆ ದರ್ಜಿಯ ಹೆಂಡತಿ ಹುಡುಕಿಕೊಂಡು ಬಂದರು. "ನಮ್ಮನೆಯವರು ದೇಹದಾನ ಮಾಡಿ ಊಟಕ್ಕೆ ಬರ್ತೀನಿ ಅಂದಿದ್ರು. ಇನ್ನೂ ಬಂದಿಲ್ಲ."

ಗುಮಾಸ್ತರು ಎದ್ದು ನಿಂತು ಸಂತಾಪ ಪತ್ರ ಕೊಟ್ಟರು. ಆಕೆ ಅದನ್ನು ಪೂರ್ತಿ ಓದಿದರು. "ಇದರಲ್ಲಿ ಮೃದುಭಾಷಿ ಅಂತ ಬರೆದಿದೀರಿ. ನೀವು ಬೇರೆ ಯಾರನ್ನೋ ಹಿಡ್ಕೊಂಡಿದೀರಿ."

ಕೊನೆಗೆ ದರ್ಜಿಯನ್ನು ಹೆಂಡತಿಯ ಹೆಸರಿನ ಎರವಲು ಚೀಟಿಯ ಮೇಲೆ ಮನೆಗೆ ಕಳಿಸಲಾಯಿತು. ದಿನಾ ಬೆಳಿಗ್ಗೆ ಹತ್ತಕ್ಕೆ ಯಾವ ಭಾಗವೂ ಕಡಿಮೆಯಾಗದಂತೆ ಹಿಂದಿರುಗಿಸಬೇಕೆಂದು ಷರತ್ತು. ಮುಂದಿನ ವಾರ ಅವರು ಹುಳುಕು ಹಲ್ಲು ಕೀಳಿಸಿಕೊಂಡಾಗ, ಕಾಲೇಜಿನ ಆಸ್ತಿಗೆ ಹಾನಿ ಮಾಡಿದ್ದೇಕೆಂದು ಹೆಂಡತಿಗೆ ನೋಟಿಸು ಹೋಯಿತು. ದರ್ಜಿಗೆ ರೇಗಿಹೋಯಿತು.

"ನನ್ನನ್ನ ನನಗೆ ವಾಪಸ್ ಕೊಡ್ರಯ್ಯಾ!"

"ಕೊಡೋಣ. ನಿಮ್ಮ ಮರಣ ಪ್ರಮಾಣಪತ್ರ ತನ್ನಿ," ಎಂದರು ಗುಮಾಸ್ತರು.

ಅಷ್ಟರಲ್ಲಿ ಮೂವತ್ತೆಂಟು ಮಂದಿಯ ಅಭಿಪ್ರಾಯ ಕಳಿಸುವ ಕೊನೆಯ ದಿನ ಬಂತು. ದರ್ಜಿಯನ್ನು ಮೊದಲ ಬಾರಿ ಶವಗಳ ಕೋಣೆಗೆ ಕರೆದೊಯ್ದರು. ಸಾಲು ಮೇಜುಗಳು, ಮೇಲೆ ಬಿಳಿ ಬಟ್ಟೆ. ವಿದ್ಯಾರ್ಥಿಗಳು ಪೆನ್ನು ಹಿಡಿದು ಕಾದರು. ದರ್ಜಿಯ ಸಿಟ್ಟು ಇಳಿದುಹೋಯಿತು. ತಾನೂ ಮಲಗಬೇಕಾದ ಜಾಗವೆಂದು ಅವರಿಗೆ ಭಯವಾಗಲಿಲ್ಲ. ಹೊದಿಕೆ ನೋಡಿ ನಾಚಿಕೆಯಾಯಿತು. ಒಂದರ ಅಂಚಿನ ಹೊಲಿಗೆ ಬಿಟ್ಟುಹೋಗಿತ್ತು, ಇನ್ನೊಂದು ಪಾದದವರೆಗೂ ಬಂದಿರಲಿಲ್ಲ.

"ಇವರೆಲ್ಲ ಯಾರ ಮನೆಯವರೋ ಏನೋ," ಎಂದರು. "ಹೀಗಾ ಹೊದಿಸೋದು? ಸೂಜಿ ದಾರ ತನ್ನಿ."

'ಹೊದಿಕೆ ಚಿಕ್ಕದು: ಮೂವತ್ತೆಂಟು ಮತ' ಎಂದು ದಾಖಲಿಸಲಾಯಿತು. ಮಾನ್ಯತೆ ಉಳಿಯಿತು. ದರ್ಜಿ ವಾಪಸಾತಿಯ ಮಾತು ಬಿಟ್ಟು ದಿನಾ ಹತ್ತಕ್ಕೆ ಬಂದು ಹೊಲಿಯತೊಡಗಿದರು.

ಒಂದು ಶನಿವಾರ ಹೆಂಡತಿ ಅರ್ಜಿ ತುಂಬಿ ತಂದರು. "ಇವರಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ. ನನ್ನನ್ನೂ ಸ್ವೀಕರಿಸಿಬಿಡಿ."

"ಶನಿವಾರ ಮಧ್ಯಾಹ್ನದ ಮೇಲೆ ದೇಹ ತಗೊಳ್ಳಲ್ಲ ತಾಯಿ. ಸೋಮವಾರ ಬನ್ನಿ."

ಸೋಮವಾರ ಆಕೆ ಬೇಗನೇ ಬಂದರು. ಆಗಲೇ ಐದು ಜನ ಸಾಲಿನಲ್ಲಿ ನಿಂತಿದ್ದರು, ಒಂದು ಕೈಯಲ್ಲಿ ದೇಹದಾನದ ಅರ್ಜಿ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು.